ಬಾಯಲ್ಲಿ ಮಹಾಕಾವ್ಯ, ಬರಹದಲ್ಲಿ ಸೊನ್ನೆ

ನಮ್ಮ ಫ್ಲೈಯಿಂಗ್ ಕ್ಲಬ್ ಪತ್ರಿಕೆಗೆ ಏನಾದರೂ ಬರೆದು ಕಳಿಸಿ ಅಂತ ಸದಸ್ಯರನ್ನು ಈ ಸಲವೂ ಅಂಗಲಾಚಿದ್ದಾಯಿತು. ಬಂದಿದ್ದೇನು ಗೊತ್ತಾ? ಒಂದು ಹೆಬ್ಬೆರಳಿನ ಇಮೋಜಿ. ಅದರ ಕೆಳಗೆ ಇನ್ನೊಂದು ಹೆಬ್ಬೆರಳು. ಕೊನೆಗೆ ಒಬ್ಬರು ಫೋಟೋ ಕಳಿಸಿದರು. ಮುಕ್ಕಾಲು ಭಾಗ ರೆಕ್ಕೆ, ಉಳಿದದ್ದು ಅವರದೇ ತಂಪು ಕನ್ನಡಕ. ಎಲ್ಲಿ, ಯಾವಾಗ, ಯಾವ ವಿಮಾನ? ಕೇಳಬಾರದು.

ಇವರಿಗೆ ಹೇಳೋಕೆ ಏನೂ ಇಲ್ಲವಾ? ಅಯ್ಯೋ! ವಿಮಾನ ನಿಲ್ಲಿಸುವ ಹ್ಯಾಂಗರ್ ಬಾಗಿಲಲ್ಲಿ ಸುಮ್ನೆ ನಿಂತರೆ ಸಾಕು. ಅಡ್ಡಗಾಳಿಯಲ್ಲಿ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಇಳಿಸಿದ ಕಥೆಯನ್ನು ಎರಡೂ ಕೈ ರೆಕ್ಕೆ ಮಾಡಿಕೊಂಡು ಮುಕ್ಕಾಲು ಗಂಟೆ ಹೇಳುತ್ತಾರೆ. ಪ್ರತಿ ಸಲವೂ ಗಾಳಿಯ ವೇಗ ಐದು ನಾಟ್ ಜಾಸ್ತಿ ಆಗಿರುತ್ತದೆ. "ಇದನ್ನೇ ನಾಲ್ಕು ಸಾಲು ಬರೆದುಕೊಡಿ ಸರ್" ಅಂದರೆ, "ನನಗೆಲ್ಲಿ ಬರೆಯೋಕೆ ಬರುತ್ತೆ ಬಿಡಿ!" ಲಾಗ್‌ಬುಕ್‌ನಲ್ಲಿ ಹಾರಾಟದ ನಿಮಿಷ ನಿಮಿಷದ ಲೆಕ್ಕ ಬರೆಯುವ ಕೈಗೆ ಇಲ್ಲಿ ಮಾತ್ರ ಜೋಮು ಹಿಡಿಯುತ್ತಾ?

ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ್ದು ಬರೀ 12 ಸೆಕೆಂಡು, 120 ಅಡಿ. ಅವತ್ತೇ ಅಪ್ಪನಿಗೆ ತಂತಿ ಕಳಿಸಿ, ಪತ್ರಿಕೆಯವರಿಗೆ ತಿಳಿಸಿ ಅಂದರು. ನಮ್ಮವರು ಗಂಟೆಗಟ್ಟಲೆ ಹಾರಿ ಬಂದು "ಚೆನ್ನಾಗಿತ್ತು" ಅನ್ನುತ್ತಾರೆ.

ಆದರೆ ಸಂಚಿಕೆ ಕೈಗೆ ಸಿಗಲಿ, ಮೊದಲ ಫೋನ್ ಇವರದೇ. "ಏನ್ರೀ, ಈ ಸಲ ಎಲ್ಲಾ ನಿಮ್ಮದೇ ಲೇಖನ?" ಹೌದು ಸ್ವಾಮಿ, ನನ್ನದೇ. ಸಂಪಾದಕೀಯ ನನ್ನದು, ಹವಾಮಾನದ ಪುಟ ನನ್ನದು, ಓದುಗರ ಪತ್ರ ಕೂಡ ನಾನೇ ಬರೆದದ್ದು. ಅದರಲ್ಲಿ ಸಂಪಾದಕರನ್ನು ಸ್ವಲ್ಪ ಹೊಗಳಿದ್ದೇನೆ. ಬೇರೆ ಯಾರು ಹೊಗಳುತ್ತಾರೆ?