ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಫೆಡರಲ್ ಲೆಕ್ಕದಲ್ಲಿ ಕಳೆಯಬೇಕೆ?

ಅಮೆರಿಕದಲ್ಲಿ ರಾಜ್ಯಕ್ಕೂ ಊರಿನ ಆಡಳಿತಕ್ಕೂ ಕಟ್ಟಿದ ತೆರಿಗೆಯನ್ನು ಫೆಡರಲ್ ರಿಟರ್ನ್‌ನಲ್ಲಿ (ಕೇಂದ್ರ ಸರ್ಕಾರದ ತೆರಿಗೆ ಲೆಕ್ಕದಲ್ಲಿ) ಆದಾಯದಿಂದ ಕಳೆದು ತೋರಿಸುವ ಅವಕಾಶ 1913ರಿಂದಲೂ ಇದೆ. 2018ರಿಂದ ಅದಕ್ಕೆ 10 ಸಾವಿರ ಡಾಲರ್‌ಗಳ ಮಿತಿ ಬಿತ್ತು. 2025ರ ಕಾನೂನು ಮಿತಿಯನ್ನು 40 ಸಾವಿರಕ್ಕೆ ಏರಿಸಿದೆ. 2030ರಲ್ಲಿ ಅದು ಮತ್ತೆ 10 ಸಾವಿರಕ್ಕೆ ಇಳಿಯಲಿದೆ. ಈ ಡಿಡಕ್ಷನ್ (ಕಡಿತ) ಮಿತಿಯಿಲ್ಲದೆ ಉಳಿಯಬೇಕೆ, ಇಲ್ಲವೇ ತೊಲಗಬೇಕೆ?

ಪರ: ಕೈಗೆ ಬಾರದ ಹಣಕ್ಕೆ ತೆರಿಗೆ ಏಕೆ?

ನಾವಿರುವುದು ನ್ಯೂಜೆರ್ಸಿಯ ಎಡಿಸನ್ ಸಮೀಪ. ಗಂಡಹೆಂಡಿರಿಬ್ಬರೂ ಸಂಬಳಕ್ಕೆ ದುಡಿಯುವವರು. ನನ್ನ ವಾದ ಒಂದೇ: ನನ್ನ ಕೈಗೆ ಬಾರದೆ ಹೋದ ಹಣವನ್ನು ನನ್ನ ಆದಾಯವೆಂದು ಕರೆದು ಅದರ ಮೇಲೆ ಇನ್ನೊಂದು ಸರ್ಕಾರ ತೆರಿಗೆ ಕೇಳಬಾರದು. ರಾಜ್ಯದ ಪಾಲನ್ನು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಕೊಡುತ್ತೀಯೋ ಬಿಡುತ್ತೀಯೋ ಎಂದು ಯಾರೂ ಕೇಳುವುದಿಲ್ಲ. ಅಂತರ್ಯುದ್ಧದ ನಡುವೆ, ಹಣಕ್ಕೆ ಪರದಾಡುತ್ತಿದ್ದ 1862ರಲ್ಲಿ ಬಂದ ಆದಾಯ ತೆರಿಗೆ ಕಾನೂನು ಕೂಡ ಈ ಕಡಿತವನ್ನು ಒಪ್ಪಿತ್ತು. ಅಷ್ಟೇಕೆ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಸಂಬಳದಿಂದ ತಿಂಗಳಿಗೆ 200 ರೂಪಾಯಿ ಹಿಡಿಯುತ್ತಿದ್ದ ವೃತ್ತಿ ತೆರಿಗೆಯನ್ನೂ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಬಿಡುತ್ತಿದ್ದರು.

ಆಸ್ತಿ ತೆರಿಗೆಯ ಬಿಲ್ಲನ್ನು ಒಮ್ಮೆ ನೋಡಬೇಕು. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಒಂದನೆಯ ತಾರೀಖಿಗೆ ಕಂತು. ಕೌಂಟಿಗೆ ಇಷ್ಟು, ಪುರಸಭೆಗೆ ಇಷ್ಟು, ಶಾಲೆಗೆ ಇಷ್ಟು ಎಂದು ಬೇರೆಬೇರೆ ಸಾಲುಗಳಿರುತ್ತವೆ. ನಮ್ಮ ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಯ ಸಾಲಿಗೇ ಹೋಗುತ್ತದೆ. ಶಾಲೆ ಚೆನ್ನಾಗಿದೆ ಎಂದೇ ಇಲ್ಲಿ ಮನೆ ಕೊಂಡವರು ನಾವು, ಆ ಬಗ್ಗೆ ತಕರಾರಿಲ್ಲ. ಆದರೆ 2019ರ ಮಾರ್ಚಿನಲ್ಲಿ ಲೆಕ್ಕಪರಿಶೋಧಕರ ಎದುರು ಕುಳಿತಾಗ ಹೊಸ ಮಿತಿ ಎಂದರೇನೆಂದು ಅರ್ಥವಾಯಿತು. ಆಸ್ತಿ ತೆರಿಗೆ 14 ಸಾವಿರ ಡಾಲರ್, ರಾಜ್ಯದ ಆದಾಯ ತೆರಿಗೆಯೂ ಹೆಚ್ಚುಕಡಿಮೆ ಅಷ್ಟೇ. ಅವರು ಎರಡನ್ನೂ ಕೂಡಿಸಿ, ಮೊತ್ತವನ್ನು ಹೊಡೆದುಹಾಕಿ, ಪಕ್ಕದಲ್ಲಿ 10 ಸಾವಿರವೆಂದು ಬರೆದರು. ‘ಇಬ್ಬರ ಸಂಬಳವಿದೆಯಲ್ಲ, ತಲಾ ಹತ್ತು ಬರುವುದಿಲ್ಲವೆ?’ ಎಂದು ನನ್ನವಳು ಕೇಳಿದಳು. ಬರುವುದಿಲ್ಲ. ಒಂಟಿಯಾಗಿರುವವರಿಗೂ ದಂಪತಿಗೂ ಮಿತಿ ಒಂದೇ. ಮದುವೆಯಾಗದೆ ಒಟ್ಟಿಗಿರುವ ಜೋಡಿಗಾದರೆ ತಲಾ ಒಂದೊಂದು. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರಿಗೆ ಸಂಜೆ ಇದನ್ನು ವಿವರಿಸಿದಾಗ, ‘ಮದುವೆ ಆಗಿದ್ದಕ್ಕೆ ದಂಡ ಹಾಕೋ ಸರ್ಕಾರಾನಾ ಇದು, ಅಳಿಯಂದ್ರೇ?’ ಎಂದರು. ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಮಿತಿ 40 ಸಾವಿರಕ್ಕೆ ಏರಿದ ಮೇಲೂ ಈ ತಾರತಮ್ಯ ಹಾಗೆಯೇ ಮುಂದುವರಿದಿದೆ.

ಇನ್ನೂ ಕೆರಳಿಸುವ ಸಂಗತಿಯೊಂದಿದೆ. ಕಂಪನಿಗಳು ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ವ್ಯವಹಾರದ ಖರ್ಚೆಂದು ಪೂರ್ತಿ ಕಳೆಯುತ್ತವೆ. ಅವುಗಳಿಗೆ ಯಾವ ಮಿತಿಯೂ ಇಲ್ಲ. ಪಾಲುದಾರಿಕೆ ಸಂಸ್ಥೆ ನಡೆಸುವ ವಕೀಲರಿಗೂ ವೈದ್ಯರಿಗೂ ಹಿಂಬಾಗಿಲು ಸಿಕ್ಕಿತು. 2018ರಲ್ಲಿ ಕನೆಕ್ಟಿಕಟ್ ಪಾಲುದಾರರ ಬದಲು ಸಂಸ್ಥೆಯಿಂದಲೇ ತೆರಿಗೆ ವಸೂಲಿ ಮಾಡುವ ಉಪಾಯ ಹೂಡಿತು, ನ್ಯೂಜೆರ್ಸಿ ಸೇರಿದಂತೆ ಹಲವು ರಾಜ್ಯಗಳು ಅದೇ ಹಾದಿ ಹಿಡಿದವು, 2020ರ ನವೆಂಬರಿನಲ್ಲಿ ಫೆಡರಲ್ ತೆರಿಗೆ ಇಲಾಖೆಯೇ ಆಗಬಹುದೆಂದಿತು. ಉಳಿದವರು ಸಂಬಳದವರು. ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್, ಮೇರಿಲ್ಯಾಂಡ್ ಈ ಮಿತಿಯ ವಿರುದ್ಧ ಹೂಡಿದ ದಾವೆಯನ್ನು 2022ರಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ಇದು ಸಿರಿವಂತರಿಗೆ ಕೊಡುವ ಉಡುಗೊರೆ ಎನ್ನುವವರು ಸಾಮಾನ್ಯವಾಗಿ ರಾಜ್ಯದ ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸಿನಲ್ಲೋ ಫ್ಲಾರಿಡಾದಲ್ಲೋ ಕುಳಿತಿರುತ್ತಾರೆ. ಅವರು ನಮ್ಮೂರಿಗೆ ಬಂದು ಒಂದು ವರ್ಷ ಮನೆ ನಡೆಸಲಿ. ಕೈಗೆ ಬಾರದ ಹಣ ಆದಾಯವಲ್ಲ. ಮಿತಿ ಹತ್ತಾಗಲಿ, ನಲವತ್ತಾಗಲಿ, ಈ ಮಾತು ಸುಳ್ಳಾಗುವುದಿಲ್ಲ.

ವಿರೋಧ: ಕೆಲವರ ರಿಯಾಯಿತಿ

ಡಲ್ಲಾಸಿನ ಬಳಿ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಉದ್ಯೋಗ. ವಿರೋಧದ ಪಕ್ಷವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ನನ್ನ ಗ್ರಾಹಕರಲ್ಲಿ ಈ ಡಿಡಕ್ಷನ್ ಪಡೆಯುವವರೂ ಇದ್ದಾರೆ, ಅವರಿಗದು ಪೂರ್ತಿ ಸಿಗುವಂತೆ ನೋಡಿಕೊಳ್ಳುವವನೂ ನಾನೇ. ಆದರೂ ಹೇಳಬೇಕಾದ ಮಾತುಗಳಿವೆ.

ಮೊದಲನೆಯದಾಗಿ, ಖರ್ಚುಗಳನ್ನು ಪಟ್ಟಿಮಾಡಿ ಶೆಡ್ಯೂಲ್ ಎ ಎಂಬ ನಮೂನೆ ತುಂಬುವವರಿಗೆ ಮಾತ್ರ ಈ ಸೌಲಭ್ಯ. ಪಟ್ಟಿಮಾಡದೆಯೇ ಕಳೆಯಬಹುದಾದ ನಿಗದಿತ ಮೊತ್ತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್, 2025ರಲ್ಲಿ ದಂಪತಿಗೆ 31,500 ಡಾಲರ್. 2018ರಿಂದೀಚೆಗೆ ಹತ್ತರಲ್ಲಿ ಸುಮಾರು ಒಂಬತ್ತು ರಿಟರ್ನ್‌ಗಳು ಅದನ್ನೇ ತೆಗೆದುಕೊಂಡು ಮುಗಿಯುತ್ತಿವೆ. ಅವರಿಗೆ ಈ ಚರ್ಚೆಯಿಂದ ಮೂರು ಕಾಸಿನ ಲಾಭವಿಲ್ಲ. ಬಾಡಿಗೆ ಮನೆಯಲ್ಲಿರುವವರ ಬಾಡಿಗೆಯಲ್ಲಿ ಮಾಲೀಕರ ಆಸ್ತಿ ತೆರಿಗೆಯೂ ಅಡಗಿರುತ್ತದೆ, ಆದರೆ ಅದನ್ನು ಕಳೆದು ತೋರಿಸುವ ಸಾಲು ಅವರ ರಿಟರ್ನ್‌ನಲ್ಲಿ ಇಲ್ಲ.

ಎರಡನೆಯದಾಗಿ, ಆದಾಯ ಏರಿದಷ್ಟೂ ಲಾಭ ಏರುತ್ತದೆ. ಸಾವಿರ ಡಾಲರ್ ಕಳೆದರೆ ಶೇಕಡಾ 12ರ ತೆರಿಗೆ ದರದ ಹಂತದವರಿಗೆ ಉಳಿಯುವುದು 120, ಶೇಕಡಾ 32ರ ಹಂತದವರಿಗೆ 320. ಐದು ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಮಿತಿ ಇಳಿಯುತ್ತಾ ಹೋಗುತ್ತದೆ ಎಂಬ ಸಮಾಧಾನವಿದೆ. ಐದು ಲಕ್ಷದವರೆಗೂ ಮಧ್ಯಮ ವರ್ಗವೆಂದು ಕರೆದುಕೊಳ್ಳುವವರಿಗೆ ನಾನೇನು ಹೇಳಲಿ! ಒಂದು ತೆರಿಗೆಯ ಮೇಲೆ ಇನ್ನೊಂದು ತೆರಿಗೆ ಎಂಬ ದೂರನ್ನೂ ಕೇಳಿದ್ದೇನೆ. ಆ ಹಣಕ್ಕೆ ಶಾಲೆ, ಪೊಲೀಸು, ರಸ್ತೆ ಸಿಕ್ಕಿವೆ. ದೊಡ್ಡ ಬಂಗಲೆಯ ಊರಿನ ಈಜುಕೊಳಕ್ಕೆ ಉಳಿದ ರಾಜ್ಯಗಳ ಜನ ಪಾಲು ಹಾಕಬೇಕೇ ಎಂಬುದಷ್ಟೇ ಪ್ರಶ್ನೆ. ನಮ್ಮ ಟೆಕ್ಸಾಸಿನಲ್ಲೂ ಆಸ್ತಿ ತೆರಿಗೆ ಕಡಿಮೆಯೇನಲ್ಲ. ದಂಪತಿಗೂ ಒಂಟಿಯವರಿಗೂ ಒಂದೇ ಮಿತಿ ಇರುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಅದು ಬೇರೆ ಚರ್ಚೆ.

ಭಾರತದ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ವೃತ್ತಿ ತೆರಿಗೆ ಕಳೆಯುವ ಅವಕಾಶವೂ ಇಲ್ಲ. ದರ ಕಡಿಮೆಯಾದರೆ ಜನ ಒಪ್ಪಿಕೊಳ್ಳುತ್ತಾರೆ ಎಂಬುದಕ್ಕೆ ಇದೊಂದು ಉದಾಹರಣೆ. ಇಲ್ಲಿ ಹಾಗೆ ಆಗುವ ಭರವಸೆ ನನಗಿಲ್ಲ. 2030ಕ್ಕೆ ಮಿತಿ 10 ಸಾವಿರವಾಗುತ್ತದೆಂದು ಕಾನೂನಿನಲ್ಲಿ ಬರೆದಿದ್ದಾರೆ. ನ್ಯೂಯಾರ್ಕ್, ನ್ಯೂಜೆರ್ಸಿಗಳ ಕಾಂಗ್ರೆಸ್ ಸದಸ್ಯರು ಅಲ್ಲಿಯವರೆಗೆ ಕೈಕಟ್ಟಿ ಕುಳಿತಾರೆಂದು ನನಗನ್ನಿಸುವುದಿಲ್ಲ.