ಬೋಬಣ್ಣ ಬರಲೇ ಇಲ್ಲ

ಪುಸ್ತಕ ಓದಿಯೇ ಸಿನಿಮಾಕ್ಕೆ ಹೋಗಬೇಕು ಅಂತ ನನ್ನ ಹೆಂಡತಿಯ ವಾದ. ನನ್ನದೇನೂ ತಕರಾರಿಲ್ಲ. ಯಾವ ಕಥೆ ಓದಬೇಕು ಅಂತ ಮೊದಲೇ ಸರಿಯಾಗಿ ಹೇಳಿದ್ದರೆ ಸಾಕಿತ್ತು.

2023ರ ಮೇ ತಿಂಗಳಲ್ಲಿ ‘ಡೇರ್‌ಡೆವಿಲ್ ಮುಸ್ತಫಾ’ ಬಂತು. ತೇಜಸ್ವಿ ಕಥೆ, ಅವರ ಅಭಿಮಾನಿಗಳೇ ದುಡ್ಡು ಹಾಕಿ ಮಾಡಿದ ಸಿನಿಮಾ. ನಾವಿರುವುದು ಚಿಕ್ಕಮಗಳೂರಿನಲ್ಲಿ, ಹೆಂಡತಿಯ ತವರು ಮೂಡಿಗೆರೆ. ಮೂಡಿಗೆರೆ ಕಡೆಯವರಿಗೆ ತೇಜಸ್ವಿ ಅಂದರೆ ಸಾಹಿತಿ ಆಮೇಲೆ, ಮೊದಲು ನೆಂಟರು. ಅವರ ಸ್ಕೂಟರ್ ಕಂಡವರು ಮನೆಗೊಬ್ಬರಾದರೂ ಸಿಗುತ್ತಾರೆ. ವಿಷಯ ಕೇಳಿದ್ದೇ ತಡ, ನಮ್ಮ ಅತ್ತೆ ಬೆಳಗಿನ ಬಸ್ಸಿಗೇ ಬಂದಿಳಿದರು.

“ಓದದೆ ಬಂದು ನನ್ನ ಪ್ರಾಣ ತಿನ್ನಬೇಡಿ” ಅಂತ ಹೆಂಡತಿ ‘ಅಬಚೂರಿನ ಪೋಸ್ಟಾಫೀಸು’ ಪುಸ್ತಕವನ್ನು ಮುಂಚಿನ ರಾತ್ರಿಯೇ ಕೈಗಿಟ್ಟಿದ್ದಳು. ಅವಳ ಹೆದರಿಕೆಗೆ ಕಾರಣ ಇತ್ತು. ಹಿಂದಿನ ವರ್ಷ ‘ಪೊನ್ನಿಯಿನ್ ಸೆಲ್ವನ್’ ನೋಡುವಾಗ ಇವನು ಯಾರ ಮಗ, ಅವನು ಯಾರ ಚಿಕ್ಕಪ್ಪ ಅಂತ ನಾನು ಕೇಳಿದ್ದೇ ಕೇಳಿದ್ದು. ಕೊನೆಗೆ ಹಿಂದಿನ ಸೀಟಿನವರೇ ಉತ್ತರ ಕೊಡೋಕೆ ಶುರುಮಾಡಿದ್ದರು. ಕಲ್ಕಿಯವರು ಐದು ಭಾಗ ಬರೆದದ್ದನ್ನು ಮಣಿರತ್ನಂ ಎರಡು ಸಿನಿಮಾದಲ್ಲಿ ಹಿಡಿಸಿದ್ದಾರೆ. ಹೆಂಡತಿ ಕಡೆಯವರ ಮದುವೆಗೆ ಹೋದ ಹಾಗಿತ್ತು ನನಗೆ. ಎಲ್ಲರೂ ಒಡವೆ ಹಾಕಿಕೊಂಡು ಓಡಾಡುತ್ತಿದ್ದಾರೆ, ಯಾರ ಗುರುತೂ ಇಲ್ಲ.

ಪುಸ್ತಕ ತೆರೆದೆ. ಒಳಗೆ ಬೇರೆ ಬೇರೆ ಕಥೆಗಳಿವೆ ಅಂತ ನೋಡುವ ತಾಳ್ಮೆ ಯಾರಿಗಿದೆ? ಪುಸ್ತಕದ ಹೆಸರೇ ಇರುವ ಕಥೆ ಸಿಕ್ಕಿತು, ಓದಿದೆ. ಬೋಬಣ್ಣ, ಅವನ ಅಂಚೆ ಕೆಲಸ, ಮೇಲೆ ಜೋರಿನ ಅತ್ತೆ ಮಾಚಮ್ಮ. ಮುಸ್ತಫಾ ಅನ್ನುವುದು ಸಿನಿಮಾದವರು ಸುಮ್ನೆ ಇಟ್ಟ ಹೆಸರಿರಬೇಕು ಅಂದುಕೊಂಡು ನಿಶ್ಚಿಂತೆಯಿಂದ ಮಲಗಿದೆ.

ಸಿನಿಮಾ ಶುರುವಾಯಿತು. ಕಾಲೇಜು, ಹುಡುಗರು, ಗಲಾಟೆ. ಪೋಸ್ಟಾಫೀಸು ಇಲ್ಲ. ಇರಲಿ, ಸಿನಿಮಾ ಅಂದ ಮೇಲೆ ಸ್ವಲ್ಪ ಬದಲಾವಣೆ ಮಾಡಿಕೊಳ್ಳುತ್ತಾರೆ ಅಂತ ಉದಾರವಾಗಿ ಯೋಚಿಸಿದೆ. ಅರ್ಧ ಗಂಟೆ ಆಯಿತು. ಒಂದು ಕಾಗದ ಬರಲಿಲ್ಲ, ಒಂದು ಸೀಲು ಬೀಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಕತ್ತಲಲ್ಲೇ ಹೆಂಡತಿಯ ಕಡೆ ವಾಲಿ ಪಿಸುಗುಟ್ಟಿದೆ: “ಅತ್ತೆ ಇನ್ನೂ ಬಂದೇ ಇಲ್ಲ ಅಲ್ವಾ? ಬರಲಿ, ಆಮೇಲೆ ಮಜಾ ನೋಡು. ಮಹಾ ಗಯ್ಯಾಳಿ ಅದು!”

“ನಾನು ಆಗಲೇ ಬಂದೆನಲ್ಲ ಅಳಿಯಂದಿರೇ.”

ಮುಂದಿನ ಸೀಟಿಗೆ ಒಬ್ಬ ಎತ್ತರದ ಆಸಾಮಿ ಬಂದು ಕೂತನಂತೆ. ಅತ್ತೆಗೆ ಪರದೆ ಕಾಣದೆ, ತಾಯಿ ಮಗಳು ಜಾಗ ಬದಲಾಯಿಸಿಕೊಂಡಿದ್ದರು. ನಾನು ಬೋಬಣ್ಣನನ್ನು ಹುಡುಕುವುದರಲ್ಲಿ ಮುಳುಗಿದ್ದೆ, ಗೊತ್ತೇ ಆಗಿರಲಿಲ್ಲ.

ಇಂಟರ್ವಲ್‌ನಲ್ಲಿ ವಿಚಾರಣೆ ನಡೆಯಿತು. ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ಆ ಒಂದೇ ಪುಸ್ತಕದ ಎಷ್ಟು ಕಥೆಗಳು ಸಿನಿಮಾ ಆಗಿವೆ ಗೊತ್ತಾ ಅಂತ ಪಾಠ ಶುರುವಾಯಿತು. ‘ತಬರನ ಕಥೆ’ಯನ್ನು ಗಿರೀಶ್ ಕಾಸರವಳ್ಳಿ ಮಾಡಿದರು, ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ‘ಕುಬಿ ಮತ್ತು ಇಯಾಲ’ ಕೂಡ ಸಿನಿಮಾ ಆಯಿತು. “ನೀವು ಓದಿಕೊಂಡು ಬಂದಿರೋದನ್ನ ಎನ್. ಲಕ್ಷ್ಮೀನಾರಾಯಣ್ 1973ರಲ್ಲೇ ಮಾಡಿದ್ದಾರೆ. ಐವತ್ತು ವರ್ಷ ಲೇಟಾಗಿ ಬಂದಿದ್ದೀರಿ, ಅಷ್ಟೇ.”

ಅತ್ತೆ ಏನೂ ಹೇಳಲಿಲ್ಲ. ಕಾಫಿ ತಂದುಕೊಟ್ಟರೆ “ಬೇಡ, ಪಿತ್ತ” ಅಂದರು. ಕಾಫಿ ತೋಟದವರು ಕಾಫಿ ಬೇಡ ಅಂದರೆ ಏನರ್ಥ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ನಿಜ ಹೇಳುತ್ತೇನೆ, ಉಳಿದ ಅರ್ಧ ನನಗೆ ಬಹಳ ಹಿಡಿಸಿತು. ಬೋಬಣ್ಣನ ಆಸೆ ಬಿಟ್ಟ ಮೇಲೆ ಮುಸ್ತಫಾ ಕಣ್ಣಿಗೆ ಬಿದ್ದ. ಸಣ್ಣ ಕಥೆ ಸಿನಿಮಾ ಆದರೆ ಚೆನ್ನ ಅಂತ ನನಗೆ ಅವತ್ತೇ ಅನಿಸಿದ್ದು. ಅದರಲ್ಲಿ ಓಡಾಡೋಕೆ ಜಾಗ ಇರುತ್ತೆ. ಐದು ಭಾಗದ ಕಾದಂಬರಿ ಹಿಡಿದವರಿಗೆ ಏನು ಬಿಡೋದು ಅನ್ನುವುದರಲ್ಲೇ ಅರ್ಧ ಜೀವ ಹೋಗುತ್ತೆ.

ಮರುವರ್ಷ ‘ಆಡುಜೀವಿತಂ’. ಬೆನ್ಯಾಮಿನ್ ಕಾದಂಬರಿ ಓದಲೇ ಇಲ್ಲ, ಓದಿ ಕೆಟ್ಟಿದ್ದು ಸಾಕು. ಅತ್ತೆಯೂ ಬಂದಿದ್ದರು, ಈ ಸಲ ಮೂರು ಸಲ ಪಕ್ಕಕ್ಕೆ ತಿರುಗಿ ನೋಡಿಕೊಂಡೇ ಕೂತೆ. ಜೇಬಿನಲ್ಲಿ ಹಲಸಿನ ಚಿಪ್ಸ್ ಇತ್ತು. ತೆರೆಯ ಮೇಲೆ ನಜೀಬ್ ಮರಳುಗಾಡಿನಲ್ಲಿ ಒಂದು ಹನಿ ನೀರಿಗೆ ಒದ್ದಾಡುತ್ತಿದ್ದಾನೆ. ಥಿಯೇಟರ್ ತುಂಬ ಮೌನ. ನಾನು ಪ್ಯಾಕೆಟ್ ಹರಿದೆ. ಚರ್ರ್ ಅಂತು. ಎರಡು ಸಾಲು ತಿರುಗಿ ನೋಡಿತು. ಬಾಯಿಗೆ ಹಾಕಿಕೊಂಡಿದ್ದ ಒಂದು ಚಿಪ್ಸನ್ನು ಕಡಿಯುವ ಧೈರ್ಯ ಸಾಲದೆ, ಅದು ನೆನೆದು ಮೆತ್ತಗಾಗುವ ತನಕ ಹಾಗೇ ಇಟ್ಟುಕೊಂಡಿದ್ದೆ.

ಹೊರಗೆ ಬಂದ ಮೇಲೆ ಅತ್ತೆ ಚೀಲದಿಂದ ಪೇಪರಿನಲ್ಲಿ ಸುತ್ತಿದ ಪುಸ್ತಕ ತೆಗೆದರು. ಹೋದ ವರ್ಷ ತೆಗೆದುಕೊಂಡು ಹೋಗಿದ್ದ ‘ಅಬಚೂರಿನ ಪೋಸ್ಟಾಫೀಸು’.

“ಮಾಚಮ್ಮನ ಕಥೆ ಓದಿದೆ ಅಳಿಯಂದಿರೇ” ಅಂದರು. ನನ್ನ ಎದೆ ಧಸಕ್ಕಂತು. “ಅವಳು ಹಾಗಿರಲಿ, ಆ ಬೋಬಣ್ಣ ಇದ್ದಾನಲ್ಲ, ಥೇಟ್ ನೀವೇ ನೋಡಿ.”