ಓಲ್ನಿಯ ನಡಾವಳಿ ಪುಸ್ತಕ, ನಮ್ಮ ಬೀದಿಯ ಕೊಳದಪ್ಪಲೆ

ಕಳೆದ ಸೆಪ್ಟೆಂಬರಿನ ಒಂದು ಶನಿವಾರ, ನಾನು 14 ವರ್ಷಗಳಿಂದ ವಾಸವಾಗಿರುವ ಇಂಗ್ಲೆಂಡಿನ ಮಿಲ್ಟನ್ ಕೀನ್ಸಿನಿಂದ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿರುವ ಓಲ್ನಿ ಎಂಬ ಸಣ್ಣ ಪೇಟೆಗೆ ಹೋಗಿದ್ದೆ. ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಂದರ್ಶಕರಿಗೆ ಹಳೆಯ ಸಂಗತಿಗಳನ್ನು ಹೇಳುತ್ತಿದ್ದ ಒಬ್ಬ ವೃದ್ಧರು ನನ್ನ ಊರು ಯಾವುದೆಂದು ಕೇಳಿದರು, ಬೆಂಗಳೂರು ಎಂದೆ. ಮನೆಮಾತು ಕನ್ನಡ ಎಂದೆ. ಈ ದೇಶದಲ್ಲಿ ಹಾಗೆಂದ ಕೂಡಲೇ ಎದುರಿಗಿರುವವರಿಗೆ ಕೆನಡಾ ಎಂದು ಕೇಳಿಸುವುದು ನನಗೆ ರೂಢಿಯಾಗಿಬಿಟ್ಟಿದೆ. ಆದರೆ ಆ ವೃದ್ಧರು ಮುಖವರಳಿಸಿ, "ಕರ್ನಾಟ ಭಾಷೆಯಲ್ಲವೇ? ಅದರ ವ್ಯಾಕರಣ ಬರೆದವರು ನಮ್ಮ ಚರ್ಚಿನ ಸದಸ್ಯರಾಗಿದ್ದರು" ಎಂದರು.

ಕನ್ನಡಕ್ಕೆ ಕೇಶಿರಾಜ 13ನೆಯ ಶತಮಾನದಲ್ಲೇ ವ್ಯಾಕರಣ ಬರೆದಿದ್ದಾನೆಂದು ತಿದ್ದುವ ಆಸೆ ನಾಲಗೆಯ ತುದಿಗೆ ಬಂದಿತ್ತು. ಆದರೂ ಅವರ ಮಾತು ಸುಳ್ಳಾಗಿರಲಿಲ್ಲ. ವಿಲಿಯಂ ಕೇರಿ ಎಂಬ ಚಮ್ಮಾರ, ಓಲ್ನಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಜೋಡು ಹೊಲಿಯುತ್ತಾ ಲ್ಯಾಟಿನ್, ಗ್ರೀಕ್ ಕಲಿತು, 1793ರಲ್ಲಿ ಬಂಗಾಳಕ್ಕೆ ಬಂದು, ಮುಂದೆ ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಇಂಗ್ಲಿಷಿನಲ್ಲಿ ಬರೆದ ಕರ್ನಾಟ ಭಾಷೆಯ ವ್ಯಾಕರಣವು 1817ರಲ್ಲಿ ಶ್ರೀರಾಮಪುರದ ಮುದ್ರಣಾಲಯದಿಂದ ಹೊರಬಂದಿತು. ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿನ ಮುಂದೆಯೇ ಹಾದು ಶಾಲೆಗೆ ಹೋಗಿ ಬೆಳೆದ ನನಗೆ ಈ ಸಂಗತಿಯನ್ನು ಓಲ್ನಿಯಲ್ಲಿ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಆದರೆ ನನ್ನನ್ನು ನಿಜವಾಗಿ ಚುಚ್ಚಿದ್ದು ಅದಲ್ಲ; ಅದಾದ ಮೇಲೆ ಅವರು ತೋರಿಸಿದ ಒಂದು ಟೈಪ್ ಮಾಡಿದ ಹಾಳೆ.

ಅದು ಆ ಚರ್ಚಿನ ಹಳೆಯ ನಡಾವಳಿ ಪುಸ್ತಕದ ಒಂದು ಪುಟದ ಪ್ರತಿ. 1785ರ ಬೇಸಿಗೆಯಲ್ಲಿ ಕೇರಿ ತನ್ನನ್ನು ಬೋಧಕನೆಂದು ಕಳುಹಿಸಿಕೊಡಬೇಕೆಂದು ಈ ಸಭೆಯನ್ನು ಕೇಳಿಕೊಂಡ. ಆಗ ಅವನಿಗೆ 24 ತುಂಬಿರಲಿಲ್ಲ. ಸಭೆಯವರ ಮುಂದೆ ಒಂದು ಸಂಜೆ ಅವನಿಂದ ಬೋಧನೆ ಮಾಡಿಸಿದರು. ಕೇಳಿದ ಮೇಲೆ ಅವರು ಬರೆದುಕೊಂಡದ್ದರ ತಾತ್ಪರ್ಯ ಇಷ್ಟು: ಈತ ಈಗ ಹೋಗುತ್ತಿರುವ ಜಾಗಗಳಲ್ಲಿ ಹೇಳುತ್ತಿರಲಿ, ನಮ್ಮೆದುರು ಇನ್ನೂ ಕೆಲವು ಸಲ ಹೇಳಲಿ, ಇವನಲ್ಲಿ ಬೋಧಕನ ಶಕ್ತಿ ಇದೆಯೇ ಎಂಬುದನ್ನು ಇನ್ನಷ್ಟು ಪರೀಕ್ಷಿಸಬೇಕಾಗಿದೆ. ಎಂದರೆ, ಮೊದಲ ಸಲ ಅವನು ಪಾಸಾಗಲಿಲ್ಲ. ಒಪ್ಪಿಗೆ ಸಿಕ್ಕಿದ್ದು ಮರುವರ್ಷದ ಆಗಸ್ಟಿನಲ್ಲಿ. ಮುಂದೆ ಲೋಕಪ್ರಸಿದ್ಧನಾಗಲಿದ್ದವನ ಬಗ್ಗೆ ಪೇಟೆಯ ಜನ ಅಂದು ಪಟ್ಟ ಅನುಮಾನ, ಅವನು ಪ್ರಸಿದ್ಧನಾದ ಮೇಲೂ ಯಾರೂ ಹರಿದೆಸೆಯದೆ, ತಿದ್ದದೆ, ಮಸಿ ಬಳಿಯದೆ ಹಾಗೆಯೇ ಉಳಿದಿದೆ. ವೃದ್ಧರು ಆ ಹಾಳೆಯನ್ನು ಮಡಿಸುತ್ತಾ ಸಹಜವಾಗಿಯೇ ಕೇಳಿದರು: "ನಿಮ್ಮ ಬೀದಿಯ ದೇವಸ್ಥಾನದಲ್ಲೂ ಇಂಥ ಪುಸ್ತಕ ಇರಬೇಕಲ್ಲವೇ?"

ನಾನು ಇದೆ ಎಂದು ಸುಳ್ಳು ಹೇಳಿದೆ.

ಓಲ್ನಿಯವರು ಇದನ್ನೆಲ್ಲ ಏಕೆ ಬರೆದಿಟ್ಟರು ಎಂಬುದು ಆಮೇಲೆ ಓದಿದಾಗ ಸ್ವಲ್ಪ ತಿಳಿಯಿತು. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಓಡಿಹೋಗಿದ್ದ ಇಂಗ್ಲಿಷರ ಒಂದು ಸಣ್ಣ ಗುಂಪು, ಶಿಶುಗಳಿಗಲ್ಲ, ತಿಳಿದು ನಂಬಿದ ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲಬೇಕೆಂದು ಹೊರಟದ್ದೇ ಬ್ಯಾಪ್ಟಿಸ್ಟರ ಮೂಲ. ಅವರಲ್ಲಿ ಕೆಲವರು 1612ರಲ್ಲಿ ಲಂಡನ್ನಿಗೆ ಮರಳಿ ಇಂಗ್ಲೆಂಡಿನ ನೆಲದ ಮೊದಲ ಸಭೆ ಕಟ್ಟಿದರು. ಇವರಿಗೆ ಬಿಷಪ್ ಇಲ್ಲ, ಮೇಲಿನಿಂದ ಅಪ್ಪಣೆ ಬರುವ ಪೀಠವಿಲ್ಲ. ಬೋಧಕನನ್ನು ಕರೆಸುವುದರಿಂದ ಹಿಡಿದು ಕುಡುಕ ಸದಸ್ಯನನ್ನು ಹೊರಹಾಕುವವರೆಗೆ ಎಲ್ಲವನ್ನೂ ಊರಿನ ರೊಟ್ಟಿಯವನು, ನೇಕಾರ, ಚಮ್ಮಾರ ಸೇರಿದ ಸಭೆಯೇ ತೀರ್ಮಾನಿಸಬೇಕು. ಮೇಲಿನವರು ಇಲ್ಲದ ಕಡೆ ನಿನ್ನೆ ಏನು ತೀರ್ಮಾನವಾಯಿತೆಂಬುದಕ್ಕೆ ಪುಸ್ತಕವೊಂದೇ ಸಾಕ್ಷಿ. ಅದರ ಜೊತೆಗೆ ಭಯವೂ ಇತ್ತು. ಓಲ್ನಿಯ ನೆರೆಯ ಬೆಡ್‌ಫರ್ಡಿನಲ್ಲಿ ಜಾನ್ ಬನ್ಯನ್ ಎಂಬ ಬೋಧಕ ಅನುಮತಿಯಿಲ್ಲದೆ ಬೋಧಿಸಿದ ತಪ್ಪಿಗೆ 12 ವರ್ಷ ಸೆರೆಯಲ್ಲಿದ್ದ. ಅಧಿಕೃತ ಚರ್ಚಿಗೆ ಸೇರದವರೂ ತಮ್ಮ ಸಭೆ ನಡೆಸಬಹುದೆಂದ 1689ರ ಸಹಿಷ್ಣುತಾ ಕಾಯಿದೆಯ ನಂತರ ಸೆರೆಮನೆಯ ಭಯ ಹೋದರೂ, ಸರ್ಕಾರಿ ಹುದ್ದೆಗೆ ಕಾನೂನಿನ ಅಡ್ಡಿ 1828ರವರೆಗೆ ಉಳಿದಿತ್ತು. ಅಧಿಕೃತ ಚರ್ಚಿನ ದಾಖಲೆಯಲ್ಲಿ ಜಾಗವಿಲ್ಲದವರು ತಮ್ಮ ಮಕ್ಕಳ ಹುಟ್ಟಿನ ದಿನವನ್ನೂ ತಾವೇ ಬರೆದಿಟ್ಟುಕೊಳ್ಳಬೇಕಾಗಿತ್ತು. ಆ ಪುಸ್ತಕಗಳಲ್ಲಿ ಸಾಲಗಾರರಿದ್ದಾರೆ, ಜಗಳಗಂಟರಿದ್ದಾರೆ, ತಪ್ಪೊಪ್ಪಿಕೊಂಡು ಮರಳಿ ಬಂದವರಿದ್ದಾರೆ, ಮಹಾಪುರುಷರು ಅಪರೂಪ.

ಹಣದ ವಿಷಯದಲ್ಲೂ ಇದೇ ಬುದ್ಧಿ. 1792ರ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಇನ್ನೊಂದು ಪೇಟೆಯಲ್ಲಿ, ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಮರುವರ್ಷ ಕೇರಿಯನ್ನು ಬಂಗಾಳಕ್ಕೆ ಕಳುಹಿಸಿದ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯನ್ನು ಕಟ್ಟಿದಾಗ ಬರೆಸಿದ ಚಂದಾ 13 ಪೌಂಡು, 2 ಷಿಲಿಂಗು, 6 ಪೆನ್ಸು. ವಾಗ್ದಾನದ ಚೀಟಿಗಳು ಬಿದ್ದದ್ದು ಆಂಡ್ರ್ಯೂ ಫುಲ್ಲರ್ ಎಂಬ ಪಾದ್ರಿಯ ನಶ್ಯದ ಡಬ್ಬಿಗೆ. ಪೌಂಡು ಷಿಲಿಂಗು ಹಾಗಿರಲಿ, ಆರು ಪೆನ್ಸು ಕೂಡ ಇಂದಿಗೂ ಲೆಕ್ಕದಲ್ಲಿದೆ.

ಈ ಮಾರ್ಚಿನಲ್ಲಿ ಬೆಂಗಳೂರಿಗೆ ಬಂದದ್ದು ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆ. ಆದರೆ ಓಲ್ನಿಯಲ್ಲಿ ಹೇಳಿದ ಸುಳ್ಳು ಬೆನ್ನಿಗಂಟಿಕೊಂಡೇ ಬಂದಿತ್ತು. ನಮ್ಮ ಅಡ್ಡರಸ್ತೆಯಲ್ಲಿ ರಾಮನವಮಿಗೆ ಪೆಂಡಾಲು ಹಾಕುವ ಮಂಡಳಿಯೊಂದಿದೆ. ನನ್ನ ತಾತ ಅದರ ಸ್ಥಾಪಕರಲ್ಲಿ ಒಬ್ಬರು ಎಂದು ಮನೆಯಲ್ಲಿ ಹೇಳುತ್ತಾರೆ. ನಮ್ಮ ಬೀದಿಯ ಪ್ರತಿಯೊಂದು ಹಳೆಯ ಮನೆಯಲ್ಲೂ ಆ ಮನೆಯ ತಾತನೇ ಸ್ಥಾಪಕ ಎಂದು ಹೇಳುತ್ತಾರೆಂಬುದು ಬೇರೆ ಮಾತು. ಯಾವ ವರ್ಷ ಶುರುವಾಯಿತೆಂದು ಅಮ್ಮನನ್ನು ಕೇಳಿದೆ. "ನಾನು ಮದುವೆಯಾಗಿ ಬರುವ ಹೊತ್ತಿಗೆ ಇತ್ತಪ್ಪಾ" ಎಂದಳು.

ಒಂದು ಕಾಲಕ್ಕೆ ಒಂದೇ ಇದ್ದ ಈ ಮಂಡಳಿ, ನಾನು ಹೈಸ್ಕೂಲಿನಲ್ಲಿದ್ದಾಗ ಒಡೆದು ಎರಡಾಯಿತು. ಬೀದಿಯ ಆ ತುದಿಗೊಂದು ಪೆಂಡಾಲು, ಈ ತುದಿಗೊಂದು. ಹುಡುಗರಾದ ನಮಗೆ ಎರಡೂ ಕಡೆ ಪಾನಕ ಸಿಗುತ್ತಿದ್ದುದರಿಂದ ಅದು ಸಂಭ್ರಮದ ಸಂಗತಿಯಾಗಿತ್ತು. ಏಕೆ ಒಡೆಯಿತೆಂದು ಈ ಸಲ ಮೂವರನ್ನು ಕೇಳಿದೆ, ಮೂರು ಕಥೆ ಸಿಕ್ಕಿತು. ಹರಿಕಥೆ ಬೇಕೋ ಸಂಗೀತ ಕಚೇರಿ ಬೇಕೋ ಎಂಬ ಜಗಳವೆಂದು ಒಬ್ಬರು. ಪಿಟೀಲಿನವರಿಗೆ ಕೊಟ್ಟ ಸಂಭಾವನೆಯ ಲೆಕ್ಕ ಸರಿಹೋಗಲಿಲ್ಲವೆಂದು ಇನ್ನೊಬ್ಬರು. ಮೂರನೆಯವರು, ಇಬ್ಬರು ಹೆಂಗಸರ ನಡುವೆ ಆರತಿ ತಟ್ಟೆಯ ವಿಷಯಕ್ಕೆ ಬಂದ ಮಾತು ಎಂದು ಧ್ವನಿ ತಗ್ಗಿಸಿದರು. ಮೂವರೂ ಆ ಸಭೆಯಲ್ಲಿ ಇದ್ದವರೇ.

ಕೊನೆಗೆ ಹಳೆಯ ಖಜಾಂಚಿಗಳಾಗಿದ್ದ ಮೇಷ್ಟ್ರ ಮನೆಗೆ ಹೋದೆ. ವಯಸ್ಸು 80 ದಾಟಿದೆ, ನೆನಪು ಚೆನ್ನಾಗಿದೆ.

"ಮೇಷ್ಟ್ರೇ, ಮಂಡಳಿಯ ನಡಾವಳಿ ಪುಸ್ತಕ ಇತ್ತಲ್ಲ, ಅದು ಎಲ್ಲಿದೆ?"

"ಇತ್ತಪ್ಪಾ, ಕೆಂಪು ರಟ್ಟಿನದು. ಮನೆ ರಿಪೇರಿ ಮಾಡಿಸಿದಾಗ ಅಟ್ಟ ಖಾಲಿ ಮಾಡಿದ್ವಿ. ಗೆದ್ದಲು ಹಿಡಿದಿತ್ತು, ರಸೀದಿ ಪುಸ್ತಕಗಳ ಜೊತೆ ಗುಜರಿಯವನಿಗೆ ಹೋಯಿತು ಅಂತ ಕಾಣತ್ತೆ. ಈಗ ಅದು ಯಾಕೆ ನಿನಗೆ? ರಾಮನ ಕೆಲಸ ನಡೀತಾ ಇದೆಯಲ್ಲ."

ಅವರು ಅದನ್ನು ಎಷ್ಟು ನಿರಾಳವಾಗಿ ಹೇಳಿದರೆಂದರೆ, ನನ್ನ ಸಿಟ್ಟನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಹೊರಡುವಾಗ ಅವರು ಮಂಡಳಿಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯನ್ನು ಹುಡುಕಿ ಕೊಟ್ಟರು. ಮನೆಗೆ ಬಂದು ಮೊದಲಿನಿಂದ ಕೊನೆಯವರೆಗೆ ಓದಿದೆ. ಮಂತ್ರಿಗಳ ಶುಭಾಶಯ, ಸ್ವಾಮಿಗಳ ಆಶೀರ್ವಚನ, ಸೀರೆ ಅಂಗಡಿಯ ಜಾಹೀರಾತು, ರಾಮರಾಜ್ಯದ ಬಗ್ಗೆ ಎರಡು ಲೇಖನ, ಹಾರ ಹಾಕಿಕೊಂಡವರ ಒಂಬತ್ತು ಚಿತ್ರ. ಮಂಡಳಿ ಹುಟ್ಟಿದ ಬಗೆಗೆ ಇರುವುದು ಒಂದೇ ವಾಕ್ಯ: "ಹಿರಿಯರ ಸತ್ಸಂಕಲ್ಪದಿಂದ ಪ್ರಾರಂಭವಾಯಿತು." ಯಾವ ಹಿರಿಯರು, ಯಾರ ಜಗುಲಿ, ಮೊದಲ ವರ್ಷದ ಚಂದಾ ಎಷ್ಟು, ಬೇಡವೆಂದವರು ಯಾರು? ಬೇಡವೆಂದವರು ಖಂಡಿತ ಇದ್ದಿರಬೇಕು. ನಮ್ಮ ಬೀದಿಯನ್ನು ನಾನು ಬಲ್ಲೆ. ನಮಗೆ ಬರೆಯಲು ಬರುವುದಿಲ್ಲವೆಂದೇನೂ ಅಲ್ಲ, ಹಾರ ಹಾಕಿದ ಮೇಲೆ ಮಾತ್ರ ಬರೆಯುತ್ತೇವೆ ಎಂಬುದೇ ನನ್ನ ತಕರಾರು. ಓಲ್ನಿಯವರು ಕೇರಿಯನ್ನು ಇನ್ನೂ ಪರೀಕ್ಷಿಸಬೇಕೆಂದು ಬರೆದಂತೆ, ನಮ್ಮಲ್ಲಿ ಯಾವ ಕಾರ್ಯದರ್ಶಿಯಾದರೂ "ಇಂದು ಹಾಡಿದ ಹುಡುಗನಿಗೆ ಶ್ರುತಿ ನಿಲ್ಲುವುದಿಲ್ಲ, ಮುಂದಿನ ವರ್ಷ ನೋಡೋಣ" ಎಂದು ಬರೆದು ಸಹಿ ಹಾಕಿದ್ದಾನೆಯೇ? ಆ ಹುಡುಗ ಮುಂದೆ ದೊಡ್ಡ ವಿದ್ವಾಂಸನಾದರೆ ಆ ಪುಟದ ಗತಿಯೇನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳಿದಾಗ ನನ್ನ ತಂಗಿ, ವರ್ಷಕ್ಕೊಮ್ಮೆ ಬಂದು ಲೆಕ್ಕ ಕೇಳುವ ಅಣ್ಣಂದಿರ ಬಗ್ಗೆ ಅವಳಿಗಿರುವ ಅಭಿಪ್ರಾಯವನ್ನು ತಿಳಿಸಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವಳು ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ: "ಆ ಕೇರಿಯ ಹೆಂಡತಿ ಏನಂದಳು ಅಂತ ಅವರ ಪುಸ್ತಕದಲ್ಲಿ ಇದೆಯಾ?"

ನನಗೆ ತೋರಿಸಿದ ಪುಟದಲ್ಲಿ ಇರಲಿಲ್ಲ. 1781ರಲ್ಲಿ ಪಿಡಿಂಗ್ಟನ್ ಹಳ್ಳಿಯ ಚರ್ಚಿನಲ್ಲಿ ಮದುವೆಯಾದಾಗ ಡೊರತಿ ಎಂಬ ಆ ಹುಡುಗಿಗೆ ಹೆಸರು ಬರೆಯಲು ಬರುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಒಂದು ಕತ್ತರಿ ಗುರುತು ಹಾಕಿದಳು. ಹಿಂದೂಸ್ಥಾನಕ್ಕೆ ಬರುವುದಿಲ್ಲವೆಂದು ಹಟ ಹಿಡಿದವಳನ್ನು ಕೊನೆಯ ಗಳಿಗೆಯಲ್ಲಿ ಒಪ್ಪಿಸಿ ಹಡಗು ಹತ್ತಿಸಿದರು. ಬಂಗಾಳಕ್ಕೆ ಬಂದ ಮರುವರ್ಷವೇ ಐದು ವರ್ಷದ ಮಗ ತೀರಿಕೊಂಡ. ಆಕೆಯ ಬುದ್ಧಿ ಸ್ಥಿಮಿತ ತಪ್ಪಿತು, 1807ರಲ್ಲಿ ಸಾಯುವವರೆಗೆ ಸರಿಹೋಗಲಿಲ್ಲ. ಪಕ್ಕದ ಕೋಣೆಯಲ್ಲಿ ಗಂಡ ಅನುವಾದ ಮಾಡುತ್ತಿದ್ದ. ಎಲ್ಲವನ್ನೂ ಬರೆದಿಟ್ಟವರೆಂದು ನಾನು ಹೊಗಳುತ್ತಿರುವವರು, ನನಗೆ ತಿಳಿದಮಟ್ಟಿಗೆ, ಅವಳಿಂದ ಒಂದು ಸಾಲನ್ನೂ ಬರೆಸಿಕೊಳ್ಳಲಿಲ್ಲ. ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು: ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಇಂಥ ಚಾಪೆಲುಗಳು, ಎಂದರೆ ಸಣ್ಣ ಪ್ರಾರ್ಥನಾಮಂದಿರಗಳು, ಮಾರಾಟವಾಗಿ ಮನೆಗಳಾಗಿವೆ, ಅಂಗಡಿಗಳಾಗಿವೆ, ಅವುಗಳ ಪುಸ್ತಕಗಳು ಜಿಲ್ಲೆಯ ದಾಖಲೆ ಭಂಡಾರದಲ್ಲಿ ಬೆಚ್ಚಗಿವೆ. ನಮ್ಮ ಮೇಷ್ಟ್ರು ಹೇಳಿದಂತೆ ರಾಮನ ಕೆಲಸ ನಡೆಯುತ್ತಲೇ ಇದೆ.

ನಾವು ಏನನ್ನೂ ಬರೆದಿಡಲಿಲ್ಲ ಎನ್ನುವುದೂ ಬೆಂಗಳೂರಿನಲ್ಲಿ ನಿಂತು ಆಡಬಾರದ ಮಾತು. ಈ ಊರಿನ ಹೆಸರನ್ನು ಹೊತ್ತಿರುವ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 890ರದು, ಬೆಂಗಳೂರ ಕಾಳೆಗದಲ್ಲಿ ಸತ್ತವರನ್ನು ಅದು ಹೆಸರಿಟ್ಟು ಹೇಳುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ ಬಿ. ಎಲ್. ರೈಸ್ ಊರೂರು ತಿರುಗಿ ಸುಮಾರು 9 ಸಾವಿರ ಶಾಸನಗಳನ್ನು ಸಂಪಾದಿಸಿದರು. ಹೆಬ್ಬಾಳದಲ್ಲಿ ಕಿತ್ತಯನೆಂಬ ವೀರನ 8ನೆಯ ಶತಮಾನದ ಕಲ್ಲು 2018ರಲ್ಲಿ ಚರಂಡಿ ಕೆಲಸದ ಮಣ್ಣಿನಲ್ಲಿ ಸಿಕ್ಕಿತು, ಈಗ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನಾ ಸಂಸ್ಥೆಯವರು ನಗರದ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲಿನಲ್ಲಿ ಕೊಟ್ಟವರ ಹೆಸರಿದೆ, ಸತ್ತವರ ಹೆಸರಿದೆ. ಸಭೆಯಲ್ಲಿ ಬೇಡವೆಂದವರ ಹೆಸರು ಇಲ್ಲ ಎಂದು ನನ್ನ ತಕರಾರನ್ನು ಇನ್ನೂ ಎಳೆಯಬಹುದು. ಆದರೆ ಅದು ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ರಾಮನವಮಿಯ ಬೆಳಿಗ್ಗೆ ಈ ತುದಿಯ ಪೆಂಡಾಲಿಗೆ ಹೋದೆ. ಹಿಂಭಾಗದಲ್ಲಿ ಅಡುಗೆಯವರು ಹೆಸರುಬೇಳೆ ನೆನೆಹಾಕಿ, ಸೌತೆಕಾಯಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಹೊಸದಾಗಿ ಕಲಾಯಿ ಹಾಕಿಸಿದ ಹಿತ್ತಾಳೆಯ ಕೊಳದಪ್ಪಲೆಯೊಂದು ಮಗುಚಿ ಬಿದ್ದಿತ್ತು. ಅದರ ಕಂಠದ ಸುತ್ತ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು ಕಂಡವು. ಕೂತು, ಹೆಬ್ಬೆರಳಿನಿಂದ ಹುಣಸೆಹಣ್ಣಿನ ಕಲೆ ಉಜ್ಜಿ ಓದಿದೆ: ಒಬ್ಬ ಹೆಂಗಸಿನ ಹೆಸರು, ರಾಮಸೇವೆಗೆ ಎಂಬ ಮಾತು, ಒಂದು ಇಸವಿ. ಗಂಡನ ಹೆಸರಿಲ್ಲ, ಮನೆತನವಿಲ್ಲ. ಆ ಹೆಸರಿನವರು ನಮ್ಮ ಬೀದಿಯಲ್ಲಿ ಇದ್ದದ್ದನ್ನು ನಾನು ಕೇಳಿಲ್ಲ. ಸ್ಮರಣ ಸಂಚಿಕೆಯಲ್ಲಂತೂ ಇಲ್ಲ. ಇಸವಿ ಮಾತ್ರ ಸವೆದಿತ್ತು: 195 ಎನ್ನುವವರೆಗೆ ಸ್ಪಷ್ಟ, ಕೊನೆಯ ಅಂಕಿ 1 ಇರಬಹುದು, 7 ಇರಬಹುದು. ಬೆಳಕಿಗೆ ತಿರುಗಿಸಿ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದೆ, ಅಷ್ಟರಲ್ಲಿ ಅಡುಗೆಯವರು ಬೆಲ್ಲದ ಅಚ್ಚುಗಳನ್ನು ಹೊತ್ತು ಬಂದು ನಿಂತರು.

"ಸ್ವಲ್ಪ ಬಿಡ್ತೀರಾ ಸಾರ್, ಹೊತ್ತಾಯಿತು. ಪಾನಕಕ್ಕೆ ಇದೊಂದೇ ದೊಡ್ಡದಿರೋದು."